ಕಡಲ ಪಾಚಿಯ ಚಿತ್ರಪಟ: ಮನೆಯಲ್ಲೇ ಮಾಡಿ, ತಾರೀಕು ಬರೆದಿಡಿ

ಮುಂಬಯಿಯ ತುಳು-ಕನ್ನಡಿಗರಲ್ಲಿ ಹೆಚ್ಚಿನವರು ಒಂದು ಕಡಲತೀರ ಬಿಟ್ಟು ಇನ್ನೊಂದು ಕಡಲತೀರಕ್ಕೆ ಬಂದವರು. ಆದರೆ ಲೋಕಲ್ ರೈಲು, ಕಚೇರಿ, ಮನೆ ಎನ್ನುವ ಓಡಾಟದಲ್ಲಿ ಕಡಲನ್ನು ನಿಂತು ನೋಡುವ ಪುರುಸೊತ್ತು ಯಾರಿಗಿದೆ? ನನ್ನನ್ನು ಹಾಗೆ ನಿಲ್ಲಿಸಿದ್ದು 2017ರಲ್ಲಿ ಮಗಳ ಶಾಲೆಯ ಪ್ರಾಜೆಕ್ಟ್. ಹಾಜಿ ಅಲಿ ಬಳಿ ಬಂಡೆಗಳ ಬದಿಗೆ ಅಲೆ ತಂದು ಹಾಕಿದ್ದ ಪಾಚಿಯನ್ನು ಡಬ್ಬದಲ್ಲಿ ತುಂಬಿ ಡೊಂಬಿವಲಿಗೆ ತಂದೆವು. ಅಂದು ಹಿಡಿದ ಹವ್ಯಾಸ ಇಂದಿಗೂ ಬಿಟ್ಟಿಲ್ಲ.

ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಓದಿದ ನನಗೆ ಸಸ್ಯಶಾಸ್ತ್ರ ದೂರದ ಮಾತು. ಆದರೂ ಕಡಲ ಪಾಚಿಯಲ್ಲಿ ಹಸಿರು, ಕಂದು, ಕೆಂಪು ಎಂಬ ಮೂರು ಬಗೆ ಇವೆಯೆಂದು ತಿಳಿದುಕೊಂಡೆ. ಹಸಿರು ಅಲ್ವಾ ರೇಷ್ಮೆಯಂತೆ ತೆಳು. ಕಂದು ಪಡೈನಾ ಪುಟ್ಟ ಬೀಸಣಿಗೆಯಂತೆ. ಕೆಂಪು ಬಗೆಯ ಕೆಲವು ಪಾಚಿಗಳಿಂದಲೇ ನಮ್ಮ ಗೃಹಿಣಿಯರು ಪುಡ್ಡಿಂಗ್‌ಗೆ ಹಾಕುವ ಚೈನಾ ಗ್ರಾಸ್ ತಯಾರಾಗುತ್ತದೆ.

ಮಳೆಗಾಲ ಮುಗಿದ ಮೇಲೆ, ಅದರಲ್ಲೂ ಚಳಿಗಾಲದಲ್ಲಿ ಪಾಚಿ ಧಾರಾಳ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಮುಂಬಯಿಯ ಇಳಿತ ಸುಮಾರಾಗಿ ಬೆಳಿಗ್ಗೆ ಮತ್ತು ಸಂಜೆ 6 ಗಂಟೆಯ ಹೊತ್ತಿಗೆ. ಹೊರಡುವ ಮುನ್ನ ಆ ದಿನದ ಸಮಯ ನೋಡಿಕೊಳ್ಳಿ. ಬಂಡೆಗೆ ಅಂಟಿದ್ದನ್ನು ಕೀಳಬೇಡಿ, ದಡಕ್ಕೆ ಬಂದು ಬಿದ್ದ ತುಂಡುಗಳು ಸಾಕು. ಬಂಡೆ ಜಾರುತ್ತದೆ, ಮಕ್ಕಳ ಕೈ ಬಿಡಬೇಡಿ.

ಇನ್ನು ಮಾಡುವ ಕ್ರಮ. ಅಗಲವಾದ ಟ್ರೇಯಲ್ಲಿ ನೀರು ತುಂಬಿ ಒಂದು ಹಿಡಿ ಉಪ್ಪು ಹಾಕಿ. ಸಿಹಿನೀರಿನಲ್ಲಿ ಹೆಚ್ಚು ಹೊತ್ತು ಇಟ್ಟರೆ ಕೆಲವು ಕೆಂಪು ಪಾಚಿಗಳ ಬಣ್ಣ ಬಿಡುತ್ತದೆ. ಮರಳು ತೊಳೆದ ಪಾಚಿಯನ್ನು ಅದರಲ್ಲಿ ತೇಲಿಬಿಟ್ಟು, ಕೆಳಗಿನಿಂದ ದಪ್ಪ ಡ್ರಾಯಿಂಗ್ ಪೇಪರ್ ತೂರಿಸಿ. ಬ್ರಷ್‌ನಿಂದ ಎಳೆಗಳನ್ನು ಹರಡುತ್ತಾ ಪೇಪರನ್ನು ಮೆಲ್ಲಗೆ ಓರೆಯಾಗಿ ಎತ್ತಿ, ನೀರು ಬಸಿಯಲಿ. ಅದರ ಮೇಲೆ ಹಳೆಯ ಹತ್ತಿ ಸೀರೆಯ ತುಂಡು ಹೊದಿಸಿ, ಮೇಲೂ ಕೆಳಗೂ ಹಳೆಯ ದಿನಪತ್ರಿಕೆ ಇಟ್ಟು ಭಾರ ಹೇರಿ. ನಮ್ಮ ಮನೆಯಲ್ಲಿ ಆ ಭಾರ ಹಳೆಯ ಟೆಲಿಫೋನ್ ಡೈರೆಕ್ಟರಿಗಳದ್ದು! ಪತ್ರಿಕೆಯನ್ನು ದಿನವೂ ಬದಲಿಸಬೇಕು, ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ. ಸುಮಾರು ಒಂದು ವಾರದಲ್ಲಿ ಚಿತ್ರಪಟ ಸಿದ್ಧ. ತೆಳು ಪಾಚಿಗೆ ಗೋಂದು ಬೇಡ, ಅದರ ಲೋಳೆಯೇ ಗೋಂದು. ದಪ್ಪ ಪಾಚಿಗೆ ಮಾತ್ರ ಫೆವಿಕಾಲ್ ಬೇಕಾದೀತು. ಫ್ರೇಮ್ ಹಾಕಿಸಿದರೆ ಬಿಸಿಲು ಬೀಳದ ಗೋಡೆಗೆ ತೂಗುಹಾಕಿ.

ಇಲ್ಲಿ ನನ್ನದೊಂದು ತಪ್ಪನ್ನು ಹೇಳಲೇಬೇಕು. ಬ್ಯಾಂಕಿನಲ್ಲಿ ತಾರೀಕು ಇಲ್ಲದ ವೋಚರನ್ನು ವಾಪಸು ಕಳಿಸುವವನು ನಾನು. ಆದರೆ ಮೊದಲ ವರ್ಷದ ಪಟಗಳಲ್ಲಿ ಒಂದಕ್ಕೂ ತಾರೀಕು, ಸ್ಥಳ ಬರೆಯಲಿಲ್ಲ. ಚಂದ ಕಂಡರೆ ಸಾಕೆಂದುಕೊಂಡಿದ್ದೆ. 2018ರಲ್ಲಿ ಕೋಸ್ಟಲ್ ರೋಡ್ ಕೆಲಸ ಶುರುವಾಯಿತು. ಸಮುದ್ರಕ್ಕೆ ಮಣ್ಣು-ಕಲ್ಲು ತುಂಬಿದರು. 2024ರಲ್ಲಿ ರಸ್ತೆಯ ಮೊದಲ ಭಾಗ ತೆರೆದಾಗ ಹೋಗಿ ನೋಡಿದೆ. ನಾನೂ ಮಗಳೂ ಪಾಚಿ ಹೆಕ್ಕಿದ ಜಾಗ ಗುರುತೇ ಸಿಗಲಿಲ್ಲ. ರಸ್ತೆ ಬೇಡವೆಂದು ನಾನು ಹೇಳುತ್ತಿಲ್ಲ, ನಗರಕ್ಕೆ ಅದರ ಅಗತ್ಯವಿರಬಹುದು. ಆದರೆ ನನ್ನ ಕಪಾಟಿನ ಪಟಗಳಲ್ಲಿ ಹಾಜಿ ಅಲಿಯದ್ದು ಯಾವುದು, ಆಮೇಲೆ ಬಾಂದ್ರಾದಿಂದ ತಂದದ್ದು ಯಾವುದು ಎಂದು ಇಂದು ಖಚಿತವಾಗಿ ಹೇಳಲಾರೆ.

ಡೆನ್ಮಾರ್ಕಿನ ಸಸ್ಯವಿಜ್ಞಾನಿ ಬೋರ್ಗೆಸೆನ್ ಮುಂಬಯಿ ಪ್ರಾಂತದ ಕಡಲ ಪಾಚಿಗಳ ಕುರಿತು 1930ರ ದಶಕದಲ್ಲಿ ಬರೆದ ಲೇಖನಗಳು ಇಂದಿಗೂ ಉಪಯೋಗಕ್ಕೆ ಬರುತ್ತಿವೆ. ಯಾವ ಪಾಚಿ, ಎಲ್ಲಿ ಸಿಕ್ಕಿತು ಎಂಬ ಲೆಕ್ಕ ಅವುಗಳಲ್ಲಿದೆ. ನಮ್ಮದು ಅಷ್ಟು ದೊಡ್ಡ ಕೆಲಸವಲ್ಲ. ಆದರೂ ಪೇಪರಿನ ಮೂಲೆಯಲ್ಲಿ ಪೆನ್ಸಿಲ್‌ನಿಂದ ತಾರೀಕು, ಜಾಗ, ಹೆಕ್ಕಿದವರ ಹೆಸರು ಬರೆದರೆ ಗೋಡೆಯ ಅಲಂಕಾರವೇ ದಾಖಲೆಯಾಗುತ್ತದೆ.

ನಮ್ಮ ಸಂಘ-ಸಂಸ್ಥೆಗಳ ಮಹಿಳಾ ವಿಭಾಗ, ಮಕ್ಕಳ ವಿಭಾಗದವರು ದೀಪಾವಳಿ ಅಥವಾ ಕ್ರಿಸ್‌ಮಸ್ ರಜೆಯಲ್ಲಿ ಒಂದು ದಿನ ಇದನ್ನು ಮಾಡಿಸಬಹುದು. ಖರ್ಚು ಬಹಳ ಕಡಿಮೆ. ಊರಿಗೆ ಹೋದಾಗ ಮಲ್ಪೆಯಲ್ಲೋ ಸುರತ್ಕಲ್‌ನಲ್ಲೋ ಮಕ್ಕಳು ಹೆಕ್ಕಿದ ಪಾಚಿಯೂ ಅದೇ ಆಲ್ಬಮ್ ಸೇರಲಿ. ಪಕ್ಕದಲ್ಲಿ ಊರಿನ ಹೆಸರನ್ನು ಮಕ್ಕಳ ಕೈಯಿಂದಲೇ ಕನ್ನಡದಲ್ಲಿ ಬರೆಯಿಸಿ.

ಈ ವರ್ಷದ ನನ್ನ ಪಟಗಳಿಗೆಲ್ಲ ತಾರೀಕು ಬಿದ್ದಿದೆ. ಹಳೆಯವುಗಳ ಹಿಂದೆ ‘ಹಾಜಿ ಅಲಿ ಇರಬಹುದು’ ಎಂದಷ್ಟೇ ಬರೆದಿಟ್ಟಿದ್ದೇನೆ.