ಮುಳುಗುವುದರಲ್ಲಿದ್ದ ಹುಡುಗಿ ಒಲಿಂಪಿಕ್ಸ್‌ಗೆ ಹೋದಳು!

‘ನೀರಿಗಿಳೀಬೇಡ, ಮುಳುಗಿಬಿಡ್ತೀಯ!’ ಮನೆಮನೆಯಲ್ಲೂ ಇದೇ ಗದರಿಕೆ ತಾನೆ? ಬೆಂಗಳೂರಿನ ನಿಶಾ ಮಿಲೆಟ್ ಐದು ವರ್ಷದವಳಿದ್ದಾಗ ನಿಜಕ್ಕೂ ಮುಳುಗುವುದರಲ್ಲಿದ್ದಳು. ಅಪ್ಪ ಮಗಳನ್ನು ನೀರಿನಿಂದ ದೂರ ಇಡಲಿಲ್ಲ. ಈಜು ಕಲಿಯಲು ಹಾಕಿದರು.

ಬಸವನಗುಡಿಯ ಕೊಳದಲ್ಲಿ ಕೋಚ್ ಪ್ರದೀಪ್ ಕುಮಾರ್ ಕೈಯಲ್ಲಿ ಪಳಗಿದ ಈಕೆ 1999ರ ರಾಷ್ಟ್ರೀಯ ಕ್ರೀಡಾಕೂಟದಲ್ಲಿ ಬಾಚಿದ್ದು ಒಂದಲ್ಲ, ಎರಡಲ್ಲ, 14 ಚಿನ್ನ! ಮರುವರ್ಷ ಸಿಡ್ನಿ ಒಲಿಂಪಿಕ್ಸ್‌ನಲ್ಲಿ 200 ಮೀಟರ್ ಫ್ರೀಸ್ಟೈಲ್ ಈಜಿದರು. ಅರ್ಜುನ ಪ್ರಶಸ್ತಿಯೂ ಬಂತು.

ಆದರೆ 2002ರಲ್ಲಿ ಬೆನ್ನಿಗೆ ಆಪರೇಷನ್. 2004ರ ಅಥೆನ್ಸ್ ಕೂದಲೆಳೆಯಲ್ಲಿ ತಪ್ಪಿತು. ಖರ್ಚು ಬೇರೆ ಕೈಮೀರಿತ್ತು. ಸ್ಪರ್ಧೆ ಬಿಟ್ಟರು, ನೀರು ಬಿಡಲಿಲ್ಲ. ಬೆಂಗಳೂರಲ್ಲೇ ಈಜುಶಾಲೆ ತೆರೆದರು.

ಪದಕದ ಮಾತು ಹಾಗಿರಲಿ. ಕೆರೆ, ಬಾವಿ ಕಂಡೊಡನೆ ಮಕ್ಕಳನ್ನು ಗದರುವ ಅಪ್ಪಂದಿರೇ, ಮೊದಲು ಈಜು ಕಲಿಸ್ರಪ್ಪಾ!