ಬುದ್ಧಿಮಾಂದ್ಯರ ಮನದಾಘಾತವನ್ನು ಗುರುತಿಸುವ ಬಗೆ

2014ರ ಅಕ್ಟೋಬರ್ 12ರಂದು ವಿಶಾಖಪಟ್ಟಣವನ್ನು ಅಪ್ಪಳಿಸಿದ ಹುಡ್‌ಹುಡ್ ಚಂಡಮಾರುತ, ಅದೇ ನಗರದಲ್ಲಿ 2020ರ ಮೇ 7ರ ನಸುಕಿನಲ್ಲಿ ಸೋರಿದ ಸ್ಟೈರೀನ್ ಅನಿಲ, 2024ರ ಸೆಪ್ಟೆಂಬರಿನಲ್ಲಿ ವಿಜಯವಾಡದ ಸಿಂಗ್ ನಗರವನ್ನು ಮುಳುಗಿಸಿದ ಬುಡಮೇರು ಪ್ರವಾಹ: ಇಂತಹ ವಿಪತ್ತುಗಳು ದೇಹದಂತೆಯೇ ಮನಸ್ಸನ್ನೂ ಗಾಯಗೊಳಿಸುತ್ತವೆ. ಈ ಗಾಯವನ್ನು ‘ಆಘಾತೋತ್ತರ ಒತ್ತಡದ ಬೇನೆ’ಯೆಂದು ಅಮೆರಿಕದ ಮನೋವೈದ್ಯ ಸಂಘವು 1980ರಲ್ಲಿ ತನ್ನ ರೋಗಪಟ್ಟಿಗೆ ಸೇರಿಸಿತು. ಬುದ್ಧಿಮಾಂದ್ಯರಲ್ಲಿ ಇದು ಸುಲಭವಾಗಿ ಗಮನಕ್ಕೆ ಬಾರದು.

ದುಃಸ್ವಪ್ನವನ್ನೋ ಮರುಕಳಿಸುವ ನೆನಪನ್ನೋ ಬಣ್ಣಿಸಲು ಅವರಲ್ಲಿ ಅನೇಕರಿಗೆ ಮಾತು ಸಾಲದು. ಭೀತಿಯು ನಡತೆಯಾಗಿ ಹೊರಬೀಳುತ್ತದೆ: ಗಾಳಿ ಬೀಸಿದೊಡನೆ ಕಿರುಚುವುದು, ಸ್ನಾನಕ್ಕೆ ಒಲ್ಲೆನ್ನುವುದು, ನಿದ್ರೆಗೆಡುವುದು, ಕಲಿತ ಕೆಲಸ ಮರೆಯುವುದು, ತನ್ನನ್ನೇ ಹೊಡೆದುಕೊಳ್ಳುವುದು. ‘ಅವನ ಸ್ವಭಾವವೇ ಹಾಗೆ’ ಎಂದು ತಳ್ಳಿಹಾಕಿದರೆ ಮಂಪರು ಬರಿಸುವ ಗುಳಿಗೆ ದೊರೆತೀತು, ಚಿಕಿತ್ಸೆ ದೊರೆಯದು.

ಮೊದಲು ಹಲ್ಲುನೋವು, ಕಿವಿನೋವು, ಮೂರ್ಛೆರೋಗ, ಔಷಧಗಳ ಅಡ್ಡಪರಿಣಾಮ ಇವುಗಳನ್ನು ವೈದ್ಯರು ಪರಿಶೀಲಿಸಬೇಕು. ಬಳಿಕ ಘಟನೆಯ ಮುಂಚಿನ ನಡತೆಯನ್ನು ಈಗಿನದರೊಡನೆ ಹೋಲಿಸಬೇಕು. ಪಾಲಕರನ್ನು ವಿಚಾರಿಸಿದಂತೆ ಆ ವ್ಯಕ್ತಿಯನ್ನೂ ಚಿತ್ರಗಳ ನೆರವಿನಿಂದ, ಒಮ್ಮೆಗೆ ಒಂದೇ ಪ್ರಶ್ನೆಯಂತೆ, ವಿಚಾರಿಸಬೇಕು. ‘ಹೆದರಿಕೆ ಆಯಿತಲ್ಲವೇ?’ ಎಂದರೆ ಹಲವರು ಸುಮ್ಮನೆ ಹೌದೆನ್ನುವರು, ‘ಆಗ ಏನಾಯಿತು?’ ಎಂದು ಕೇಳುವುದು ಲೇಸು.

ಆಂಧ್ರದ ಆಸ್ಪತ್ರೆಗಳಲ್ಲಿ ಪ್ರಶ್ನೆಗಳು ಸಾಮಾನ್ಯವಾಗಿ ತೆಲುಗಿನಲ್ಲಿರುತ್ತವೆ. ಮನೆಯಲ್ಲಿ ಕನ್ನಡವನ್ನೇ ಕೇಳಿ ಬೆಳೆದವರು ಉತ್ತರಿಸದಿದ್ದರೆ ಅದನ್ನು ಅರಿವಿನ ಕೊರತೆಯೆಂದು ಎಣಿಸಬಾರದು. ಮನೆಯವರು ಪ್ರಶ್ನೆಯನ್ನು ಕನ್ನಡದಲ್ಲಿ ಯಥಾವತ್ತಾಗಿ ಕೇಳಿ, ದೊರೆತ ಉತ್ತರವನ್ನು ತಿದ್ದದೆ ತಿಳಿಸಬೇಕು. ಬದಲಾವಣೆ ಎಂದು ಮೊದಲಾಯಿತು, ಯಾವುದರಿಂದ ಕೆರಳುತ್ತದೆ, ನಿದ್ರೆ ಎಷ್ಟು ಎಂಬುದನ್ನು ದಿನವೂ ಬರೆದಿಟ್ಟು ಕೊಂಡೊಯ್ದರೆ ವೈದ್ಯರಿಗೆ ಅದೇ ದೊಡ್ಡ ಆಧಾರ.