ಸಂಜೆಯೂ ತೆರೆದಿದ್ದ ಪ್ರಯೋಗಾಲಯ

ಬಿ.ಎಸ್‌ಸಿ.ಯಲ್ಲಿ ಭೌತಶಾಸ್ತ್ರ ಓದಿದವರಿಗೆಲ್ಲ ಸ್ಪೆಕ್ಟ್ರೋಮೀಟರ್ ಗೊತ್ತು. ಪ್ರಿಸಂ ಇಟ್ಟು, ದೂರದರ್ಶಕ ತಿರುಗಿಸಿ, ವರ್ನಿಯರ್ ರೀಡಿಂಗ್ ಬರೆದುಕೊಂಡು, ಕೋನ 60 ಡಿಗ್ರಿಯ ಆಸುಪಾಸು ಬಂದರೆ ರೆಕಾರ್ಡಿಗೆ ಸಹಿ ಬಿದ್ದಂತೆಯೇ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಿ.ವಿ. ರಾಮನ್ ಮಾಡಲು ಹೊರಟಿದ್ದೂ ಇದೇ ಮಾಮೂಲಿ ಪ್ರಯೋಗ. ಬೆಳಕು ಪ್ರಿಸಮ್ಮಿನ ಮುಖಕ್ಕೆ ತೀರ ಓರೆಯಾಗಿ ಬಿದ್ದು ಪ್ರತಿಫಲಿಸಿದಾಗ ಬಿಂಬದ ಎಡಬಲಗಳಲ್ಲಿ ಮೂಡುವ ವಿವರ್ತನೆಯ ಪಟ್ಟೆಗಳು ಒಂದರಂತೆ ಒಂದಿಲ್ಲವೆಂದು ಅವರಿಗೆ ಕಂಡಿತು. ಕೋನ ಅಳೆಯುವವರಿಗೆ ಆ ಪಟ್ಟೆಗಳಿಂದ ಆಗಬೇಕಾದ್ದೇನೂ ಇಲ್ಲ. ರಾಮನ್ ಅವುಗಳ ಬೆನ್ನು ಹತ್ತಿದರು. 1906ರ ನವೆಂಬರಿನಲ್ಲಿ ಲಂಡನ್ನಿನ 'ಫಿಲಸಾಫಿಕಲ್ ಮ್ಯಾಗಜೀನ್' ಅವರ ಲೇಖನವನ್ನು ಅಚ್ಚು ಹಾಕಿದಾಗ ವಯಸ್ಸು ಹದಿನೆಂಟು, ಎಂ.ಎ. ಇನ್ನೂ ಮುಗಿದಿರಲಿಲ್ಲ.

ಇದನ್ನು ಬರಿಯ ಪ್ರತಿಭೆಯ ಕತೆಯಾಗಿ ಹೇಳಿ ಮುಗಿಸುವುದು ನಮ್ಮ ರೂಢಿ. ಆದರೆ ಆ ಹುಡುಗನಿಗೆ ಬಿಡುವು ಕೊಟ್ಟವರೂ ಇದ್ದರು. ಕಾಲೇಜಿನ ಪ್ರೊಫೆಸರ್ ಜೋನ್ಸ್ ಈ ವಿದ್ಯಾರ್ಥಿಯನ್ನು ತರಗತಿಗೆ ಕಟ್ಟಿಹಾಕಲಿಲ್ಲ, ಎಂ.ಎ.ಯ ಎರಡು ವರ್ಷಗಳಲ್ಲಿ ತಾನು ಕೇಳಿದ ನೆನಪಿರುವುದು ಒಂದೇ ಉಪನ್ಯಾಸ ಎಂದು ರಾಮನ್ ಮುಂದೆ ಹೇಳಿಕೊಂಡಿದ್ದಾರೆ. (ಇಂದಿನ ಹಾಜರಾತಿ ನಿಯಮದಲ್ಲಿ ಅವರನ್ನು ಪರೀಕ್ಷೆಗೇ ಕೂರಿಸುತ್ತಿರಲಿಲ್ಲ.) 1907ರಲ್ಲಿ ಹಣಕಾಸು ಇಲಾಖೆಯ ಅಧಿಕಾರಿಯಾಗಿ ಕಲ್ಕತ್ತೆಗೆ ಹೋದಾಗ ಸಂಶೋಧನೆ ಅಲ್ಲಿಗೇ ನಿಲ್ಲಬೇಕಿತ್ತು. ನಿಲ್ಲದಂತೆ ನೋಡಿಕೊಂಡದ್ದು ಬೌಬಜಾರ್ ಬೀದಿಯ 210ನೇ ನಂಬರಿನ ಕಟ್ಟಡ. ಮಹೇಂದ್ರಲಾಲ್ ಸರ್ಕಾರ್ ಎಂಬ ವೈದ್ಯರು ದಾನಿಗಳಿಂದ ಹಣ ಕೂಡಿಸಿ 1876ರಲ್ಲಿ ಕಟ್ಟಿದ ಇಂಡಿಯನ್ ಅಸೋಸಿಯೇಷನ್ ಫಾರ್ ದಿ ಕಲ್ಟಿವೇಷನ್ ಆಫ್ ಸೈನ್ಸ್ ಅದು. ಅಲ್ಲಿ ಉಪನ್ಯಾಸಗಳು ನಡೆಯುತ್ತಿದ್ದವು, ಉಪಕರಣಗಳಿದ್ದವು, ಅವನ್ನು ಹಿಡಿದು ಸಂಶೋಧನೆಗೆ ಕೂರುವವರು ಮಾತ್ರ ಇರಲಿಲ್ಲ. ಕಚೇರಿಗೆ ಮುಂಚೆ ನಸುಕಿನಲ್ಲಿ, ಕಚೇರಿ ಮುಗಿಸಿ ರಾತ್ರಿಯವರೆಗೆ, ಆಶುತೋಷ್ ದೇ ಎಂಬ ಸಹಾಯಕನನ್ನು ಜೊತೆಗಿಟ್ಟುಕೊಂಡು, ವರ್ಷಗಟ್ಟಲೆ ರಾಮನ್ ಅಲ್ಲಿ ದುಡಿದರು. ಆ ಬಾಗಿಲಿಗೆ ಐದು ಗಂಟೆಗೆ ಬೀಗ ಬೀಳುತ್ತಿದ್ದರೆ ನಮಗೆ ಸಿಗುತ್ತಿದ್ದುದು ಒಬ್ಬ ದಕ್ಷ ಅಕೌಂಟೆಂಟ್ ಜನರಲ್ ಇರಬಹುದು.

ರಾಮನ್ ಅಪವಾದ, ಅಪವಾದವನ್ನು ಹಿಡಿದು ವ್ಯವಸ್ಥೆ ಕಟ್ಟಲಾಗದು ಎನ್ನುವವರಿದ್ದಾರೆ. ಆದರೆ ತೆರೆದ ಬಾಗಿಲಿನ ಪ್ರಯೋಜನ ಅವರೊಬ್ಬರಿಗೇ ಆಗಲಿಲ್ಲ. ಭೌತವಿಜ್ಞಾನಿ ಕೆ.ಎಸ್. ಕೃಷ್ಣನ್ ಪಳಗಿದ್ದು ಅದೇ ಬೌಬಜಾರಿನಲ್ಲಿ. 1928ರ ಬೇಸಿಗೆಯಲ್ಲಿ ಅಲ್ಲಿಗೆ ಬಂದಿದ್ದ ಕಾಲೇಜು ಹುಡುಗ ಎಸ್. ಚಂದ್ರಶೇಖರ್ ಮುಂದೆ ನಕ್ಷತ್ರಗಳ ಅಧ್ಯಯನಕ್ಕೆ ನೊಬೆಲ್ ಪಡೆದರು. ಇಂದಿನ ಭೌತಶಾಸ್ತ್ರಕ್ಕೆ ಕೋಟಿಗಟ್ಟಲೆ ಹಣ ಬೇಕು ಎಂಬ ಇನ್ನೊಂದು ಮಾತು ಅರ್ಧ ನಿಜ. ಗುರುತ್ವ ಅಲೆಗಳನ್ನು ತಾಲ್ಲೂಕು ಕಾಲೇಜಿನಲ್ಲಿ ಹಿಡಿಯಲಾಗದು, ಒಪ್ಪೋಣ. ಆದರೆ ವಿದ್ಯಾರ್ಥಿಯ ಮೊದಲ ಸಂಶೋಧನೆಯಿಂದ ನಾವು ಬಯಸಬೇಕಾದ್ದು ಹೊಸ ಕಣವನ್ನಲ್ಲ. ರೀಡಿಂಗ್ ಸೂತ್ರಕ್ಕೆ ಹೊಂದದಿದ್ದಾಗ ಪಕ್ಕದವನ ರೆಕಾರ್ಡ್ ನೋಡಿ ತಿದ್ದದೆ, ಯಾಕೆ ಹೀಗಾಯಿತೆಂದು ಮತ್ತೊಮ್ಮೆ ದೂರದರ್ಶಕಕ್ಕೆ ಕಣ್ಣಿಡುವ ಅಭ್ಯಾಸವನ್ನು. ಅದಕ್ಕೆ ಬೇಕಾದ್ದು ಸೋಡಿಯಂ ದೀಪ, ಒಂದು ಪ್ರಿಸಂ ಮತ್ತು ಪುರುಸೊತ್ತು. ಮೊದಲೆರಡು ನಮ್ಮ ಪದವಿ ಕಾಲೇಜುಗಳ ಬೀರುವಿನಲ್ಲಿವೆ. ಮೂರನೆಯದಕ್ಕಾಗಿ ಕಾಲೇಜುಗಳು ವಾರಕ್ಕೆ ಎರಡು ಸಂಜೆಯಾದರೂ ಲ್ಯಾಬಿನ ಬೀಗದ ಕೈಯನ್ನು ವಿದ್ಯಾರ್ಥಿಗಳಿಗೆ ಕೊಡಲಿ.